ಮಾರಿದವನ ಪಾಲು

ಕತ್ತಿ ಮಾರಿದವನಿಗೆ ಕೊಲೆಯ ಪಾಪದಲ್ಲಿ ಪಾಲುಂಟೆ ಎಂಬುದು ಹಳೆಯ ಪ್ರಶ್ನೆ. ಗೃಹಸ್ಥನಾದ ಉಪಾಸಕನು ಮಾಡಬಾರದ ವ್ಯಾಪಾರಗಳೆಂದು ಬುದ್ಧನು ಐದನ್ನು ಎಣಿಸಿದ್ದಾನೆ: ಶಸ್ತ್ರ, ಜೀವಿಗಳು, ಮಾಂಸ, ಮದ್ಯ, ವಿಷ. ಇವುಗಳನ್ನು ಮಾರುವವನು ತಾನೂ ಬಳಸುತ್ತಾನೆಂದು ಹೇಳುವಂತಿಲ್ಲ. ವಿಷ ಮಾರುವವನು ವಿಷ ಕುಡಿಯುವುದಿಲ್ಲ. ಇನ್ನೊಬ್ಬರ ಬಾಯಿಗೆ ಹೊಯ್ಯುವುದೂ ಇಲ್ಲ. ಆದರೂ ಅವನ ಹೆಸರು ಪಟ್ಟಿಯಲ್ಲಿದೆ. ನಮ್ಮ ಕಾಲದ ಅರ್ಥಶಾಸ್ತ್ರ ಇಂಥ ಪಟ್ಟಿಯೊಂದನ್ನು ಇಟ್ಟುಕೊಂಡಂತೆ ಕಾಣುವುದಿಲ್ಲ. ಕೊಳ್ಳುವವನಿದ್ದಾನೆ, ಬೆಲೆ ಕುದುರಿದೆ, ಕಾನೂನಿನ ಅಡ್ಡಿಯಿಲ್ಲ ಎಂದಮೇಲೆ ವ್ಯವಹಾರ ಮುಗಿಯಿತು. ಸರಕು ಅಂಗಡಿಯ ಹೊಸ್ತಿಲು ದಾಟಿದ ಮೇಲೆ ಅದರ ಕಥೆ ಕೊಂಡವನದು.

ಪ್ರಶ್ನೆ ಇತ್ಯರ್ಥವಾಗದೆ ಉಳಿದಿರುವುದಕ್ಕೆ ಒಂದು ಕಾರಣವುಂಟು. ಕೇಡಿನ ಸರಕು ಮಾರುವವನನ್ನು ವಿಚಾರಿಸಲು ಹೊರಟರೆ ಸಾಮಾನ್ಯವಾಗಿ ಅವನಲ್ಲಿ ಬೇರೆ ಹತ್ತು ಕೆಡುಕುಗಳು ಸಿಗುತ್ತವೆ. ತೂಕದಲ್ಲಿ ಮೋಸ, ಆಳುಗಳಿಗೆ ಹಿಂಸೆ, ಅಧಿಕಾರಿಗಳಿಗೆ ಲಂಚ, ಬಂದ ಹಣದಲ್ಲಿ ದುಂದು. ನಮ್ಮ ಸಿಟ್ಟೆಲ್ಲ ಅವುಗಳ ಮೇಲೆ ಹರಿದುಹೋಗಿ, ಮಾರಿದ್ದರಲ್ಲೇ ತಪ್ಪಿತ್ತೆ ಎಂದು ಕೇಳಲು ಮರೆತುಬಿಡುತ್ತೇವೆ. ಬೆಲ್ಜಿಯಮಿನ ದೊರೆ ಎರಡನೆಯ ಲಿಯೊಪೋಲ್ಡ್ ಕಾಂಗೋದ ರಬ್ಬರಿನಿಂದ ಧನಿಕನಾದುದನ್ನು ಕುರಿತು ಸೂಕ್ಷ್ಮ ವಿಚಾರವೇ ಬೇಕಾಗಿಲ್ಲ. ಅಲ್ಲಿ ಚಾವಟಿಯೇ ಎಲ್ಲವನ್ನೂ ಹೇಳಿಬಿಡುತ್ತದೆ. ವಿಚಾರಕ್ಕೆ ಬೇಕಾದುದು ಉಳಿದೆಲ್ಲ ವಿಷಯಗಳಲ್ಲಿ ಮರ್ಯಾದಸ್ಥನಾದ ಒಬ್ಬ ಮಾರಾಟಗಾರ. ಅಂಥವನು ಯೂರೋಪಿನ ಉತ್ತರದ ತುದಿಯಲ್ಲಿ ಸಿಗುತ್ತಾನೆ. ನಾರ್ವೆ ದೇಶದ ತೈಲವ್ಯಾಪಾರವನ್ನು ಇಲ್ಲಿ ಎತ್ತಿಕೊಂಡಿರುವುದು ಈ ದೃಷ್ಟಿಯಿಂದ.

ಸುಮಾರು 55 ಲಕ್ಷ ಜನರ ದೇಶ ಅದು. ನಮ್ಮ ಬೆಂಗಳೂರಿನ ಅರ್ಧದಷ್ಟೂ ಜನವಿಲ್ಲ. ನಾರ್ವೆಯನ್ನು ಶ್ರೀಮಂತಿಕೆಯ ಇನ್ನೊಂದು ಹೆಸರೆಂದು ಬಲ್ಲ ಇಂದಿನವರಿಗೆ ಅದು ಬಡವರ ನಾಡಾಗಿತ್ತೆಂದರೆ ನಂಬುವುದು ಕಷ್ಟ. ಬಂಡೆಯೂ ಬೆಟ್ಟವೂ ಆದ ನೆಲ. ಉಳಲು ಸಿಗುವುದು ಸ್ವಲ್ಪ. ಲೋಫೋಟನ್ ದ್ವೀಪಗಳ ಕಾಡ್ ಮೀನನ್ನು ಚಳಿಗಾಳಿಗೆ ಒಣಹಾಕಿ, ಬರ್ಗನ್ ಬಂದರಿನಿಂದ ಸಾಗಿಸಿ, ಅದರ ಬೆಲೆಯಲ್ಲಿ ಧಾನ್ಯ ತರಿಸಿಕೊಂಡು ಆ ಜನ ಶತಮಾನಗಳ ಕಾಲ ಬದುಕಿದರು. ಮರ ಮಾರಿದರು, ಪರರ ಸರಕನ್ನು ತಮ್ಮ ಹಡಗುಗಳಲ್ಲಿ ಹೊತ್ತರು. 1939ರ ಹೊತ್ತಿಗೆ ಅವರ ವಾಣಿಜ್ಯ ನೌಕಾಬಲ ಜಗತ್ತಿನಲ್ಲಿ ನಾಲ್ಕನೆಯದು. ಇಷ್ಟಾದರೂ ಮನೆಯ ಒಲೆ ಎಲ್ಲರಿಗೂ ಸಾಲಲಿಲ್ಲ. 1825ರಿಂದ ನೂರು ವರ್ಷಗಳಲ್ಲಿ ಎಂಟು ಲಕ್ಷದಷ್ಟು ಮಂದಿ ಊರು ಬಿಟ್ಟು ಅಮೆರಿಕೆಗೆ ಹೋದರು. ಹೊರದೇಶದ ವ್ಯಾಪಾರ ಆ ಜನಕ್ಕೆ ಭೋಗದ ವಿಷಯವಾಗಿರಲಿಲ್ಲ; ಅನ್ನದ ವಿಷಯವಾಗಿತ್ತು. ಮುಂದೆ ಹೇಳಲಿರುವುದನ್ನು ಓದುವಾಗ ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

1958ರಲ್ಲಿ ಅಲ್ಲಿನ ಭೂವಿಜ್ಞಾನ ಇಲಾಖೆಯವರು ತಮ್ಮ ಕರಾವಳಿಯಲ್ಲಿ ತೈಲವಾಗಲಿ ಕಲ್ಲಿದ್ದಲಾಗಲಿ ಸಿಗುವ ಸಂಭವವಿಲ್ಲವೆಂದು ಸರಕಾರಕ್ಕೆ ಬರೆದುಕೊಟ್ಟರು. ಹನ್ನೊಂದು ವರ್ಷಗಳ ಮೇಲೆ, 1969ರ ಕೊನೆಯಲ್ಲಿ, ಉತ್ತರ ಸಮುದ್ರದ ಏಕೋಫಿಸ್ಕ್ ಎಂಬಲ್ಲಿ ದೊಡ್ಡ ತೈಲನಿಧಿ ಸಿಕ್ಕಿತು. ಇಲ್ಲಿಂದ ಮುಂದೆ ಆ ದೇಶ ನಡೆದುಕೊಂಡ ರೀತಿ, ಹಠಾತ್ತನೆ ಹಣ ಕಂಡವರ ಚರಿತ್ರೆಯಲ್ಲಿ ಬಹಳ ಅಪರೂಪದ್ದು. ಕಾಯಿಲೆಯ ಮಗನಿಗೆ ಚಿಕಿತ್ಸೆ ದೊರೆಯಲೆಂದು 1968ರಲ್ಲಿ ಇರಾಕಿನಿಂದ ಬಂದು ನೆಲಸಿದ್ದ ಫಾರೂಕ್ ಅಲ್-ಕಾಸಿಮ್ ಎಂಬ ಭೂವಿಜ್ಞಾನಿಯನ್ನು ಸರಕಾರ ಕೆಲಸಕ್ಕೆ ಇಟ್ಟುಕೊಂಡಿತು. ವಿದೇಶಿ ಕಂಪೆನಿಗಳ ಕೈಯಲ್ಲಿ ತನ್ನ ನಾಡಿನ ತೈಲ ಏನಾಯಿತೆಂಬುದನ್ನು ಕಣ್ಣಾರೆ ಕಂಡಿದ್ದ ಆತ ನಾರ್ವೆಗೆ ಮುಂಜಾಗ್ರತೆಯನ್ನು ಕಲಿಸಿದವರಲ್ಲಿ ಒಬ್ಬನಾದ. 1971ರಲ್ಲಿ ಸಂಸತ್ತು ತೈಲದ ವಿಷಯದಲ್ಲಿ ಹತ್ತು ಕಟ್ಟಳೆಗಳನ್ನು ಒಪ್ಪಿತು. ನಿಧಿ ಇಡೀ ಜನತೆಯದೆಂಬುದು ಅವುಗಳ ತಿರುಳು. 1972ರಲ್ಲಿ ಸರಕಾರದ್ದೇ ಕಂಪೆನಿ ಹುಟ್ಟಿತು. ತೈಲದ ಲಾಭದ ಮೇಲೆ ನೂರಕ್ಕೆ 78ರಷ್ಟು ತೆರಿಗೆ. ದುಡಿಮೆಗಾರರ ಸಂಘಗಳಿಗೆ ಮನ್ನಣೆ. ಎಲ್ಲವೂ ಸುಗಮವಾಗಿತ್ತೆಂದಲ್ಲ. 1980ರ ಮಾರ್ಚಿಯಲ್ಲಿ, ಸ್ಟಾವಂಗರ್ ಊರಿನ ಕಾದಂಬರಿಕಾರ ಅಲೆಕ್ಸಾಂಡರ್ ಕೀಲಾಂಡನ ಹೆಸರು ಹೊತ್ತಿದ್ದ ತೇಲುವ ವಸತಿಯೊಂದು ಬಿರುಗಾಳಿಯಲ್ಲಿ ಮಗುಚಿ 123 ಮಂದಿ ಸತ್ತರು. ಸಮುದ್ರದಿಂದ ಬಂದ ಹಣ ಸುಲಭವಾಗಿ ಬಂದುದಲ್ಲ.

ಬಂದ ಹಣವನ್ನು ಏನು ಮಾಡಿದರು? ಹಂಚಿಕೊಂಡು ತಿನ್ನಲಿಲ್ಲ. 1990ರಲ್ಲಿ ಕಾನೂನು ಮಾಡಿ ಒಂದು ನಿಧಿಯನ್ನು ಸ್ಥಾಪಿಸಿ, 1996ರಿಂದ ಅದಕ್ಕೆ ಹಣ ತುಂಬತೊಡಗಿದರು. ಹಣವೆಲ್ಲ ಹೊರದೇಶಗಳಲ್ಲೇ ಹೂಡಿಕೆಯಾಗಬೇಕು. ಸರಕಾರ ವರ್ಷಕ್ಕೆ ಅದರ ನಿರೀಕ್ಷಿತ ಗಳಿಕೆಯಷ್ಟನ್ನು ಮಾತ್ರ ಮುಟ್ಟಬಹುದು, ಅಸಲನ್ನು ಮುಟ್ಟಕೂಡದು. 2001ರಲ್ಲಿ ಈ ಗಳಿಕೆಯನ್ನು ನೂರಕ್ಕೆ ನಾಲ್ಕೆಂದು ಅಂದಾಜು ಮಾಡಿದ್ದರು; 2017ರಲ್ಲಿ ತಾವೇ ಅದನ್ನು ಮೂರಕ್ಕೆ ಇಳಿಸಿಕೊಂಡರು. ಅದೇ ವರ್ಷ ನಿಧಿಯ ಮೊತ್ತ ಒಂದು ಲಕ್ಷ ಕೋಟಿ ಡಾಲರನ್ನು ದಾಟಿತು. ಜಗತ್ತಿನ ಷೇರುಪೇಟೆಗಳಲ್ಲಿರುವ ಕಂಪೆನಿಗಳನ್ನೆಲ್ಲ ಒಟ್ಟಿಗೆ ಹಿಡಿದರೆ ಅದರಲ್ಲಿ ನೂರಕ್ಕೆ ಒಂದೂವರೆ ಪಾಲು ಈ ಪುಟ್ಟ ದೇಶದ್ದು. ಹುಟ್ಟದಿರುವ ಮೊಮ್ಮಕ್ಕಳಿಗಾಗಿ ಒಂದು ಜನಾಂಗ ತನ್ನ ಕೈಯನ್ನು ತಾನೇ ಕಟ್ಟಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ಚುನಾವಣೆ ಬಂದರೆ ಬೊಕ್ಕಸದ ಬಾಗಿಲು ತೆರೆಯುವುದನ್ನು ಕಂಡಿರುವ ನಮಗೆ ಇದರ ಬೆಲೆ ತಿಳಿಯುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2004ರಲ್ಲಿ ನಿಧಿಗೆ ನೀತಿಯ ಕಟ್ಟಳೆಗಳನ್ನು ಮಾಡಿ, ಎಂಥ ಕಂಪೆನಿಗಳಲ್ಲಿ ಪಾಲುದಾರರಾಗಬಾರದೆಂದು ಸಲಹೆ ನೀಡಲು ಒಂದು ಮಂಡಲಿಯನ್ನು ನೇಮಿಸಿದರು. ಪರಮಾಣು ಅಸ್ತ್ರದ ಭಾಗಗಳನ್ನು ಮಾಡುವವರು ಹೊರಗಾದರು. ಒಡಿಶಾದ ಗಣಿಗಾರಿಕೆ ಮೊದಲಾದ ವಿಷಯಗಳಿಗಾಗಿ 2007ರಲ್ಲಿ ವೇದಾಂತ ರಿಸೋರ್ಸಸ್ ಹೊರಗಾಯಿತು. 2010ರಲ್ಲಿ ತಂಬಾಕಿನ ತಯಾರಕರು ಹೊರಗಾದರು. ಕಲ್ಲಿದ್ದಲಿನಿಂದ ನೂರಕ್ಕೆ ಮೂವತ್ತು ಪಾಲು ವರಮಾನ ಪಡೆಯುವ ಕಂಪೆನಿಗಳನ್ನು ಬಿಡಬೇಕೆಂದು 2015ರಲ್ಲಿ ಸಂಸತ್ತು ತೀರ್ಮಾನಿಸಿತು. ಬರಿಯ ಷೇರು ಇಟ್ಟುಕೊಂಡವನೂ ಆ ಷೇರು ಮಾಡುವ ಕೇಡಿಗೆ ಪಾಲುಗಾರ ಎಂಬ ತತ್ತ್ವವನ್ನು ಒಂದು ರಾಜ್ಯ ಒಪ್ಪಿ ಬರೆದಿಟ್ಟಿತೆನ್ನುವುದು ಇಲ್ಲಿ ಮುಖ್ಯ. ಇದಕ್ಕೆ ಆಮೇಲೆ ಬರುತ್ತೇನೆ.

ಮನೆಯೊಳಗೂ ಅಷ್ಟೇ ಶುಚಿ. ವಿದ್ಯುತ್ತು ಬಹುಮಟ್ಟಿಗೆ ಜಲಪಾತಗಳದು. ಇಂಗಾಲದ ಹೊಗೆಗೆ 1991ರಲ್ಲೇ ತೆರಿಗೆ ಹಾಕಿದ ಕೆಲವೇ ದೇಶಗಳಲ್ಲಿ ನಾರ್ವೆಯೂ ಒಂದು. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ವಿದ್ಯುತ್ತಿನಿಂದ ಓಡುವಂಥವು. ಭೂಮಿಯನ್ನು ಮುಂದಿನವರಿಗಾಗಿ ಉಳಿಸಬೇಕೆಂಬ ಮಾತನ್ನು ಲೋಕದ ಬಾಯಲ್ಲಿ ಬರುವಂತೆ ಮಾಡಿದ 1987ರ ವಿಶ್ವಸಂಸ್ಥೆಯ ವರದಿ ಅಲ್ಲಿನ ಪ್ರಧಾನಿ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡರ ಅಧ್ಯಕ್ಷತೆಯಲ್ಲಿ ಸಿದ್ಧವಾದುದು. ಬ್ರೆಜಿಲಿನ ಅಮೆಜಾನ್ ಕಾಡನ್ನು ಉಳಿಸಲು ನೂರು ಕೋಟಿ ಡಾಲರುಗಳವರೆಗೆ ಕೊಡುವುದಾಗಿ 2008ರಲ್ಲಿ ಮಾತು ಕೊಟ್ಟವರೂ ಇವರೇ.

ಈ ದೇಶ ಹೊರಕ್ಕೆ ಕಳಿಸುವ ಸರಕಿನ ಬೆಲೆಯಲ್ಲಿ ಈಚಿನ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ತೈಲ ಮತ್ತು ಅನಿಲ. ನಾರ್ವೆಯ ಗಡಿಯೊಳಗೆ ಏಳುವ ಹೊಗೆ ಎಷ್ಟೋ, ಅದು ಮಾರಿದ ತೈಲ ಅನಿಲಗಳು ಕೊಂಡವರ ಒಲೆಗಳಲ್ಲಿ, ಯಂತ್ರಗಳಲ್ಲಿ ಸುಟ್ಟು ಏಳುವ ಹೊಗೆ ಅದರ ಸುಮಾರು ಹತ್ತು ಪಟ್ಟು. ಈ ಹತ್ತು ಪಟ್ಟಿನ ಅಂಕಿ ನಾರ್ವೆಯ ಲೆಕ್ಕದಲ್ಲಿ ಕಾಣುವುದಿಲ್ಲ. ಇದರಲ್ಲಿ ಕಳ್ಳಲೆಕ್ಕವೇನೂ ಇಲ್ಲ. ಹೊಗೆ ಎಲ್ಲಿ ಎದ್ದಿತೋ ಆ ದೇಶದ ಹೆಸರಿಗೆ ಅದನ್ನು ಬರೆಯತಕ್ಕದ್ದೆಂದು ರಾಷ್ಟ್ರಗಳೆಲ್ಲ ಸೇರಿ ಮಾಡಿಕೊಂಡ ನಿಯಮ. ಮಾರಿದವನ ಪಾಲು ಸೊನ್ನೆ.

ಮಹಾಭಾರತದ ವನಪರ್ವದಲ್ಲಿ ಮಿಥಿಲೆಯ ಧರ್ಮವ್ಯಾಧನ ಕಥೆಯಿದೆ. ಕೌಶಿಕನೆಂಬ ಬ್ರಾಹ್ಮಣ ಧರ್ಮವನ್ನು ತಿಳಿಯಲು ಅವನಲ್ಲಿಗೆ ಬಂದಾಗ ಅವನು ಕುಳಿತಿದ್ದುದು ಮಾಂಸದಂಗಡಿಯಲ್ಲಿ. ಬ್ರಾಹ್ಮಣ ಮುಜುಗರಪಟ್ಟದ್ದನ್ನು ಕಂಡು ವ್ಯಾಧ ತನ್ನ ಸ್ಥಿತಿಯನ್ನು ಬಿಚ್ಚಿ ಹೇಳುತ್ತಾನೆ: ತಾನು ಪ್ರಾಣಿಗಳನ್ನು ಕೊಲ್ಲುವವನಲ್ಲ, ಬೇರೆಯವರು ಕೊಂದು ತಂದುದನ್ನು ಮಾರುತ್ತೇನೆ, ತಾನು ತಿನ್ನುವುದಿಲ್ಲ. ಜೊತೆಗೆ ತಂದೆತಾಯಿಗಳ ಸೇವೆ, ಸತ್ಯ, ಯಥಾಶಕ್ತಿ ದಾನ. ನಾರ್ವೆಯ ಮಂತ್ರಿಗಳು ಮಾಡಿಕೊಳ್ಳುವ ಸಮರ್ಥನೆಗೂ ಇದಕ್ಕೂ ಇರುವ ಹೋಲಿಕೆ ಆಶ್ಚರ್ಯಕರ. ಸುಡುವವರು ನಾವಲ್ಲ, ಮಾರುತ್ತೇವೆ, ಮನೆಯಲ್ಲಿ ಬಳಸುವುದು ಕಡಿಮೆ, ದಾನ ಮಾಡುತ್ತೇವೆ. ಒಂದು ವ್ಯತ್ಯಾಸ ಮಾತ್ರ ಉಂಟು. ವ್ಯಾಧನು ಇಷ್ಟನ್ನೆಲ್ಲ ಹೇಳಿದ ಮೇಲೆ, ತಾನು ಮಾಡುತ್ತಿರುವ ಕೆಲಸ ಘೋರವಾದುದೆಂಬುದರಲ್ಲಿ ಸಂಶಯವಿಲ್ಲವೆಂದು ತಾನೇ ಒಪ್ಪಿಕೊಳ್ಳುತ್ತಾನೆ. ಹುಟ್ಟಿನಿಂದ ಅಂಟಿಬಂದ ಕರ್ಮ, ಬಿಡಿಸಿಕೊಳ್ಳುವುದು ಕಷ್ಟ ಎನ್ನುತ್ತಾನೆ. ಕೊಲ್ಲುವುದಿಲ್ಲ ತಿನ್ನುವುದಿಲ್ಲ ಎಂಬುದನ್ನು ತಾನು ಶುದ್ಧನೆಂಬುದಕ್ಕೆ ಸಾಕ್ಷಿಯಾಗಿ ಮುಂದಿಡುವುದಿಲ್ಲ. ತೈಲದ ವಿಷಯದಲ್ಲಿ ನಾವು ಕೇಳುವ ಮಾತು ಬೇರೆ. ತಮ್ಮ ತೈಲವನ್ನು ತೆಗೆಯುವಾಗ ಏಳುವ ಹೊಗೆ ಲೋಕದಲ್ಲೇ ಅತ್ಯಂತ ಕಡಿಮೆ, ಸಮುದ್ರದ ಯಂತ್ರಗಳಿಗೆ ದಡದಿಂದ ಜಲವಿದ್ಯುತ್ತನ್ನೇ ಒಯ್ಯುತ್ತೇವೆ ಎಂದು ಅವರು ಹೇಳುತ್ತಾರೆ. ನಿಜವೇ. ಕಟುಕನ ಅಂಗಡಿ ಎಷ್ಟೇ ತೊಳೆದಿದ್ದರೂ ಮಾಂಸ ಮಾಂಸವೇ ತಾನೆ?

ಎರಡನೆಯ ಸಮರ್ಥನೆ ಎಲ್ಲ ಕಡೆಯೂ ಕೇಳುವಂಥದು: ನಾವು ಬಿಟ್ಟರೆ ಇನ್ನೊಬ್ಬ ಮಾರುತ್ತಾನೆ, ಮತ್ತು ಅವನು ನಮಗಿಂತ ಕೆಟ್ಟವನು. ಅಂಕಿಯ ಮಟ್ಟಿಗೆ ಇದರಲ್ಲಿ ಸತ್ಯವಿದೆ. ಲೋಕ ಬಳಸುವ ತೈಲದಲ್ಲಿ ನಾರ್ವೆಯದು ನೂರಕ್ಕೆ ಎರಡರಷ್ಟು ಮಾತ್ರ. ಆದರೆ ಈ ವಾದಕ್ಕೆ ಒಂದು ದೋಷವುಂಟು. ಅದು ಯಾರನ್ನೂ ಹೊರಗಿಡುವುದಿಲ್ಲ. 1807ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂಬ ಮಾತು ಬಂದಾಗ, ನಾವು ಬಿಟ್ಟರೆ ಫ್ರೆಂಚರು ಹಿಡಿಯುತ್ತಾರೆ ಎಂದು ಅದರ ವಿರೋಧಿಗಳು ಹೇಳಿದ್ದೂ ಇದೇ ವಾದ. ಕೇಡನ್ನು ನಾನಲ್ಲದಿದ್ದರೂ ಇನ್ನೊಬ್ಬ ಮಾಡಿಯಾನು ಎಂಬುದು ಲೋಕದಲ್ಲಿ ಕೇಡಿನ ಮೊತ್ತವನ್ನು ಕುರಿತ ಮಾತು. ನನ್ನ ಕೈಯನ್ನು ಕುರಿತ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಹಾಗೆಂದು ಅದನ್ನು ಪೂರ್ತಿ ತಳ್ಳಿಹಾಕುವ ಧೈರ್ಯವೂ ನನಗಿಲ್ಲ. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ಬಿದ್ದು, ಯೂರೋಪಿಗೆ ಹೋಗುತ್ತಿದ್ದ ರಷ್ಯದ ಅನಿಲ ಬಹುಪಾಲು ನಿಂತಾಗ, ಆ ಚಳಿಗಾಲದಲ್ಲಿ ಜರ್ಮನಿ ಮೊದಲಾದ ದೇಶಗಳ ಮನೆಗಳನ್ನು ಬೆಚ್ಚಗಿಟ್ಟವರಲ್ಲಿ ನಾರ್ವೆಯವರು ಮುಂದಾಳುಗಳು. ಅಂದು ಅವರು ಕೊಳವೆಗಳನ್ನು ಮುಚ್ಚಿದ್ದರೆ ಕಷ್ಟಪಡುತ್ತಿದ್ದವರು ಬಡವರೂ ಮುದುಕರೂ. ಆದರೆ ಅದೇ ವರ್ಷ, ಬೆಲೆ ಏರಿದ್ದರಿಂದ, ಅಂದಿನವರೆಗೆ ಕಂಡರಿಯದಷ್ಟು ಹಣ ಅವರ ಬೊಕ್ಕಸಕ್ಕೆ ಬಂತು. ನೆರೆಯವನ ಮನೆ ಹೊತ್ತಿಕೊಂಡಾಗ ನೀರು ಮಾರಿ ಲಾಭ ಪಡೆದಂತೆ ಇದು ಎಂದು ಹೊರಗಿನವರು ಆಡಿಕೊಂಡರು. ಪೋಲೆಂಡಿನ ಪ್ರಧಾನಿ ಬಹಿರಂಗವಾಗಿಯೇ ಟೀಕಿಸಿದರು. ಬೆಲೆಯನ್ನು ನಾವು ಏರಿಸಲಿಲ್ಲವೆಂದು ನಾರ್ವೆ ಉತ್ತರ ಕೊಟ್ಟಿತು. 2023ರಲ್ಲಿ ಉಕ್ರೇನಿಗೆ ಐದು ವರ್ಷಗಳಲ್ಲಿ 7,500 ಕೋಟಿ ಕ್ರೋನರ್ ಕೊಡುವ ಯೋಜನೆಯನ್ನು ಹಾಕಿತು. ಮುಂದೆ ಅದನ್ನು ಬಹಳವಾಗಿ ಹೆಚ್ಚಿಸಿತು. ಟೀಕೆಗೆ ಅಂಜಿ ಕೊಟ್ಟರು ಎನ್ನುವುದು ಅನ್ಯಾಯವಾದೀತು. ಕೊಡುವುದು ಆ ಜನಕ್ಕೆ ತೈಲದಿಂದ ಬಂದ ಗುಣವಲ್ಲ. ತೈಲ ಸಿಗುವುದಕ್ಕೆ ಹದಿನೈದು ವರ್ಷಕ್ಕೂ ಹಿಂದೆಯೇ ಇಂದಿನ ಕೇರಳದ ನೀಂಡಕರೆಯ ಮೀನುಗಾರರಿಗೆ ದೋಣಿ ಯಂತ್ರಗಳ ನೆರವು ನೀಡಲು ಅವರು ಬಂದಿದ್ದರು.

ಇಲ್ಲಿಗೆ ಮೂರನೆಯ ಸಮರ್ಥನೆ ಬಂತು. ಬಹಳ ಮಂದಿಯ ಮನಸ್ಸಿಗೆ ಒಪ್ಪಿಗೆಯಾಗುವುದು ಇದೇ. ಬಂದ ಹಣ ಒಳ್ಳೆಯದಕ್ಕೆ ಹೋಗುತ್ತದೆ. ಕಾಡು ಉಳಿಯುತ್ತದೆ, ಶಾಲೆ ನಡೆಯುತ್ತದೆ, ಮುಂದಿನವರಿಗೆ ಪಿಂಚಣಿ ಸಿಗುತ್ತದೆ. ತಮಾಷೆಯೆಂದರೆ, ಈ ಸಮರ್ಥನೆಯನ್ನು ಪರೀಕ್ಷೆ ಮಾಡಿದ ಮಹಾಕವಿ ಅವರಲ್ಲೇ ಹುಟ್ಟಿದವನು. ನಮ್ಮಲ್ಲಿ ಇಬ್ಸೆನ್ ಎಂದರೆ ಮನೆ ಬಿಟ್ಟು ಹೋದ ನೋರಾಳ ನೆನಪು. ಅವನು 1867ರಲ್ಲಿ ಬರೆದ 'ಪೀರ್ ಗಿಂಟ್' ಎಂಬ ನಾಟಕದ ನಾಲ್ಕನೆಯ ಅಂಕದಲ್ಲಿ ನಾಯಕ ನಡುವಯಸ್ಸಿನ ಸಾಹುಕಾರ. ಅಮೆರಿಕದ ಕೆರೊಲಿನಕ್ಕೆ ಗುಲಾಮರನ್ನೂ ಚೀನಕ್ಕೆ ಪೂಜೆಯ ವಿಗ್ರಹಗಳನ್ನೂ ಸಾಗಿಸಿ ಹಣವಂತನಾದವನು. ಕ್ರೈಸ್ತನಾದ ತನಗೆ ವಿಗ್ರಹ ಮಾರುವುದು ಸಲ್ಲದೆಂದು ವಯಸ್ಸಾದಂತೆ ಮನಸ್ಸು ಕುಟುಕುತ್ತದೆ. ವ್ಯಾಪಾರ ಬಿಡಲು ಮನಸ್ಸಿಲ್ಲ. ಅವನು ಕಂಡುಕೊಂಡ ಉಪಾಯ ಇದು: ವಸಂತದಲ್ಲಿ ವಿಗ್ರಹಗಳನ್ನು ಕಳಿಸುವುದು, ಶರತ್ತಿನಲ್ಲಿ ಪಾದ್ರಿಗಳನ್ನು ಕಳಿಸುವುದು. ಮಾರಿದ ಒಂದೊಂದು ವಿಗ್ರಹಕ್ಕೂ ಒಬ್ಬೊಬ್ಬ ಕೂಲಿಗೆ ದೀಕ್ಷೆಯಾದರೆ ಅಲ್ಲಿಗಲ್ಲಿಗೆ ಸರಿಹೋಯಿತೆಂಬುದು ಅವನ ಲೆಕ್ಕ. ಪಾದ್ರಿಗಳಿಗೆ ಬೇಕಾದ ಸಾಮಾನನ್ನು ಒದಗಿಸುವುದರಲ್ಲೂ ಅವನಿಗೆ ಲಾಭವುಂಟು. ನಾರ್ವೆಯ ಸಮುದ್ರದಲ್ಲಿ ತೈಲ ಸಿಕ್ಕುವುದಕ್ಕೆ ನೂರೆರಡು ವರ್ಷ ಮುಂಚೆ ಬರೆದ ದೃಶ್ಯವಿದು!

ಪೀರ್ ಗಿಂಟನ ಲೆಕ್ಕದಲ್ಲಿ ತಪ್ಪೆಲ್ಲಿದೆ? ಜಮಾ ಖರ್ಚುಗಳು ಸರಿಹೋಗಬೇಕಾದರೆ ಎರಡೂ ಒಬ್ಬನ ಖಾತೆಯಲ್ಲಿ ಇರಬೇಕು. ಶೇಷಪ್ಪನಿಗೆ ಕೊಡಬೇಕಾದ ಸಾಲವನ್ನು ರಾಮಪ್ಪನಿಗೆ ದಾನ ಮಾಡಿ ತೀರಿಸಿದೆನೆಂದರೆ ಯಾವ ಶಾನುಭೋಗನೂ ಒಪ್ಪುವುದಿಲ್ಲ. ಸಮುದ್ರ ಏರಿ ಗದ್ದೆಗೆ ಉಪ್ಪುನೀರು ನುಗ್ಗಿಸಿಕೊಂಡ ಬಾಂಗ್ಲಾದೇಶದ ರೈತನೂ, ಓಸ್ಲೋದಲ್ಲಿ ಪಿಂಚಣಿ ಪಡೆಯಲಿರುವ ಮಗುವೂ ಒಬ್ಬರಲ್ಲ. ದಾನಕ್ಕೆ ಅದರದೇ ಪುಣ್ಯವಿರಬಹುದು. ರೈತನ ಖಾತೆಯಲ್ಲಿ ಅದು ಜಮೆಯಾಗುವುದಿಲ್ಲ.

ನಾರ್ವೆ ತಾನೇ ಬರೆದಿಟ್ಟ ತತ್ತ್ವವನ್ನು ಈಗ ನೆನೆಯಬೇಕು. ಬೇರೆ ದೇಶದವನೊಬ್ಬ ಕಲ್ಲಿದ್ದಲು ಅಗೆದರೆ, ಅವನ ಕಂಪೆನಿಯಲ್ಲಿ ನೂರಕ್ಕೆ ಒಂದು ಪಾಲು ಇಟ್ಟುಕೊಳ್ಳುವುದೂ ತಮಗೆ ಸಲ್ಲದೆಂದು ಅವರು ಒಪ್ಪಿದ್ದಾರೆ. ಇದು ಪಾಲುದಾರನಿಗೆ ಅನ್ವಯವಾದರೆ ಸ್ವತಃ ತೆಗೆದು ಮಾರುವವನಿಗೆ ಏಕೆ ಅನ್ವಯವಾಗಬಾರದು? ಕಲ್ಲಿದ್ದಲಿನ ಹೊಗೆ ಅನಿಲದ ಹೊಗೆಗಿಂತ ಹೆಚ್ಚು ಎಂದು ಹೇಳಬಹುದು. ಅದು ಪ್ರಮಾಣದ ಮಾತಾಯಿತು. ಶಾಂತಿಪರ್ವದಲ್ಲಿ ಕಾಶಿಯ ವರ್ತಕ ತುಲಾಧಾರ ಬರುತ್ತಾನೆ. ಜಟೆಯಲ್ಲಿ ಹಕ್ಕಿ ಗೂಡು ಕಟ್ಟುವವರೆಗೆ ಅಲುಗದೆ ನಿಂತ ತಪಸ್ವಿ ಜಾಜಲಿಗೆ ಧರ್ಮ ಹೇಳಿದವನು. ಅವನು ಮಾರುವ ಪದಾರ್ಥಗಳ ಪಟ್ಟಿ ದೊಡ್ಡದು: ಸುಗಂಧ, ಅರಗು, ಬಗೆಬಗೆಯ ರಸಗಳು. ಮದ್ಯವೊಂದನ್ನು ಮಾತ್ರ ಮಾರುವುದಿಲ್ಲ. ಮದ್ಯಕ್ಕೆ ಗಿರಾಕಿಗಳಿರಲಿಲ್ಲವೆಂದಾಗಲಿ ಪಕ್ಕದ ಅಂಗಡಿಯಲ್ಲಿ ಅದು ಸಿಗುತ್ತಿರಲಿಲ್ಲವೆಂದಾಗಲಿ ಕವಿ ಹೇಳಿಲ್ಲ. ತುಲಾಧಾರನ ಹಿರಿಮೆಯೆಂದರೆ ಸಮನಾದ ತಕ್ಕಡಿ ಎಂದೇ ಎಲ್ಲರೂ ಹೇಳುತ್ತಾರೆ. ಅಂಗಡಿಯಲ್ಲಿ ಖಾಲಿ ಬಿಟ್ಟ ಆ ಒಂದು ಗೂಡೂ ಅಷ್ಟೇ ದೊಡ್ಡದೆಂದು ನನಗೆ ತೋರುತ್ತದೆ. ನಾರ್ವೆಯ ತಕ್ಕಡಿ ಸಮನಾಗಿದೆ, ಗೂಡು ತುಂಬಿದೆ.

ನಿಯಮವನ್ನು ಬರೆದಿಟ್ಟವರಿಗೂ ಅದರ ಭಾರ ತಿಳಿಯದೆ ಇಲ್ಲ. ನಿಧಿಯ ನೀತಿಕಟ್ಟಳೆಗಳನ್ನು ಅಕ್ಷರಶಃ ಪಾಲಿಸಿದರೆ ಜಗತ್ತಿನ ಅತಿ ದೊಡ್ಡ ಕಂಪೆನಿಗಳನ್ನೇ ಬಿಡಬೇಕಾದೀತೆಂಬ ಅಂಜಿಕೆ ಹುಟ್ಟಿ, 2025ರ ನವೆಂಬರಿನಲ್ಲಿ ಸಂಸತ್ತು ಹೊಸದಾಗಿ ಕಂಪೆನಿಗಳನ್ನು ಹೊರಗಿಡುವುದನ್ನು ತಡೆಹಿಡಿದು ಕಟ್ಟಳೆಗಳನ್ನು ಮರುಪರಿಶೀಲನೆಗೆ ಒಪ್ಪಿಸಿತು. ನೀತಿ ದುಬಾರಿಯಾದಾಗ ಅದನ್ನು ಪರಿಶೀಲನೆಗೆ ಕಳಿಸುವುದು ಎಲ್ಲ ದೇಶಗಳ ಪದ್ಧತಿ. ನಮ್ಮ ಪ್ರಾವಿಡೆಂಟ್ ಫಂಡಿನ ಹಣ ಎಲ್ಲೆಲ್ಲಿ ಹೂಡಿಕೆಯಾಗಿದೆಯೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಬಡ್ಡಿ ಕಾಲು ಭಾಗ ಇಳಿದರೆ ಮಾತ್ರ ನಮಗೆ ಎಚ್ಚರ. ಆದುದರಿಂದ ನಾರ್ವೆಯವರನ್ನು ಮೇಲೆ ಕುಳಿತು ತೂಗುವ ಅಧಿಕಾರ ನಮಗಿದೆಯೆಂದು ನಾನು ಹೇಳುತ್ತಿಲ್ಲ. ಕೊಂಡು ಸುಡುವವರಲ್ಲಿ ನಮ್ಮ ದೇಶವೂ ಒಂದು. ಕತ್ತಲಲ್ಲಿರುವ ಮನೆಗೆ ದೀಪ ಬೇಡವೆನ್ನುವ ಹಕ್ಕೂ ಯಾರಿಗೂ ಇಲ್ಲ.

ಪ್ರಶ್ನೆಯನ್ನು ಅವರ ಮನೆಯ ಮಕ್ಕಳೇ ಎತ್ತಿದ್ದಾರೆಂಬುದು ಸಮಾಧಾನದ ವಿಷಯ. ಬ್ಯಾರೆಂಟ್ಸ್ ಸಮುದ್ರದಲ್ಲಿ ತೈಲ ಹುಡುಕಲು ಸರಕಾರ ಕೊಟ್ಟ ಪರವಾನಗಿಗಳ ವಿರುದ್ಧ ಅಲ್ಲಿನ ಎಳೆಯರ ಪರಿಸರ ಸಂಘವೂ ಗ್ರೀನ್‌ಪೀಸ್ ಸಂಸ್ಥೆಯೂ 2016ರಲ್ಲಿ ದಾವೆ ಹೂಡಿದವು. ಆರೋಗ್ಯಕರವಾದ ಪರಿಸರಕ್ಕೆ ಮುಂದಿನ ತಲೆಮಾರಿನವರಿಗೂ ಹಕ್ಕುಂಟೆಂದು ಅವರ ಸಂವಿಧಾನದ 112ನೆಯ ವಿಧಿ ಹೇಳುತ್ತದೆ. 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಅವರು ಬೇರೆ ದಾರಿ ಹಿಡಿದರು. 2024ರ ಜನವರಿಯಲ್ಲಿ ಓಸ್ಲೋದ ಜಿಲ್ಲಾ ನ್ಯಾಯಾಲಯ, ಮೂರು ತೈಲಕ್ಷೇತ್ರಗಳಿಗೆ ಕೊಟ್ಟ ಅನುಮತಿ ಸಿಂಧುವಲ್ಲವೆಂದು ತೀರ್ಪಿತ್ತಿತು. ಅಲ್ಲಿಂದ ತೆಗೆದುದು ಪರದೇಶದಲ್ಲಿ ಸುಟ್ಟು ಏಳುವ ಹೊಗೆಯನ್ನು ಸರಕಾರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಎಂಬುದು ಕಾರಣ. ಸರಕಾರ ಮೇಲ್ಮನವಿ ಮಾಡಿತು. ಪ್ರಶ್ನೆ ಲಕ್ಸೆಂಬರ್ಗಿನಲ್ಲಿರುವ ಎಫ್ಟಾ ನ್ಯಾಯಾಲಯಕ್ಕೆ ಹೋಯಿತು. ಕೊಂಡವನು ಸುಟ್ಟಾಗ ಏಳುವ ಹೊಗೆಯೂ ಆ ತೈಲಬಾವಿಯ ಪರಿಣಾಮವೇ, ಅನುಮತಿ ಕೊಡುವ ಮೊದಲು ಅದನ್ನೂ ಅಳೆಯತಕ್ಕದ್ದು ಎಂದು ಆ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಅಭಿಪ್ರಾಯ ಕೊಟ್ಟಿತು.

ತೈಲ ತೆಗೆಯಕೂಡದೆಂದು ಅದು ಹೇಳಲಿಲ್ಲ. ಅಳೆದು, ಅಂಕಿಯನ್ನು ಕಾಗದದ ಮೇಲೆ ಬರೆದು, ಅದನ್ನು ಓದಿದ ಮೇಲೆ ಮಂತ್ರಿಗಳು ಅನುಮತಿಗೆ ಸಹಿ ಹಾಕಬಹುದು.